ಗಾಡಿ ಬಿಸಿಯಾದ ಮೇಲೆ ರಿವರ್ಸ್ ಬೀಳ್ತಿಲ್ಲ, ಗೇರ್ ಬಾಕ್ಸ್ ಇಳಿಸಲೇಬೇಕಾ?

ತೋರಣಗಲ್ಲು ಡ್ಯೂಟಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಡೀಸೆಲ್ ಕಾರು, ಐದು ಗೇರಿನ ಮ್ಯಾನುಯಲ್, ಹಳದಿ ಬೋರ್ಡ್. 1 ಲಕ್ಷ 70 ಸಾವಿರ ಕಿ.ಮೀ. ಓಡಿದೆ. ಬಳ್ಳಾರಿಯಿಂದ ತೋರಣಗಲ್ಲಿಗೆ ಶಿಫ್ಟಿನವರನ್ನು ಬಿಟ್ಟು ಕರೆತರುವ ಕೆಲಸ. ನಡುವೆ ಸಂಡೂರು ಬಾಡಿಗೆ ಸಿಕ್ಕರೆ ಅದನ್ನೂ ಹೊಡೆಯುತ್ತೇನೆ.

ಬೆಳಗಿನ ಟ್ರಿಪ್ಪಿನಲ್ಲಿ ಗೇರು ಸಲೀಸಾಗಿ ಬೀಳುತ್ತವೆ. ಬಿಸಿಲೇರಿದ ಮೇಲೆ, ಅದಿರು ಲಾರಿಗಳ ಹಿಂದೆ ಫಸ್ಟು ಸೆಕೆಂಡಿನಲ್ಲೇ ತೆವಳಿಕೊಂಡು ಬಂದ ಮೇಲೆ ಕಾಟ ಶುರು. ರಿವರ್ಸ್ ಹಾಕಲು ಹೋದರೆ ಕರ್ ಅಂತ ಹಲ್ಲು ಕಡಿಯುವ ಸದ್ದು. ಫಸ್ಟ್ ಗೇರನ್ನು ಒತ್ತಿ ತಳ್ಳಬೇಕು. ಮೂರರಿಂದ ಎರಡಕ್ಕೆ ಇಳಿಸುವಾಗಲೂ ಸ್ವಲ್ಪ ಕರಕರ ಅನ್ನುತ್ತದೆ. ಮೊನ್ನೆ ಸುಧಾ ಕ್ರಾಸ್ ಹತ್ತಿರ ಟ್ರಾಫಿಕ್ಕಿನಲ್ಲಿ ರಿವರ್ಸ್ ಬೀಳದೆ ಎಂಜಿನ್ ಆಫ್ ಮಾಡಿ, ಗೇರ್ ಹಾಕಿ, ಮತ್ತೆ ಸ್ಟಾರ್ಟ್ ಮಾಡಬೇಕಾಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು.

ಇಬ್ಬರಿಗೆ ತೋರಿಸಿದೆ. ಒಬ್ಬರು ಗಾಡಿ ಓಡಿಸಿಯೂ ನೋಡಲಿಲ್ಲ. ಗೇರ್ ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಬೇಕು, 35 ಸಾವಿರ ಇಟ್ಟುಕೊಳ್ಳಿ, ಒಳಗೆ ಜಾಸ್ತಿ ಸವೆದಿದ್ದರೆ ಅದು ಬೇರೆ ಅಂದರು. ಇನ್ನೊಬ್ಬರು ಕ್ಲಚ್ ಪ್ಲೇಟ್ ಹೋಗಿದೆ, ಎಲ್ಲ ಸೇರಿ 11 ಸಾವಿರ ಅಂದರು. ಯಾರನ್ನು ನಂಬಲಿ? ಗಾಡಿಯ ಕಂತು ಇನ್ನೂ ನಡೆಯುತ್ತಿದೆ. ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೆ ನನ್ನ ಡ್ಯೂಟಿ ಬೇರೆಯವರಿಗೆ ಹೋಗುತ್ತದೆ. ಬಿಚ್ಚದೆ ತಿಳಿದುಕೊಳ್ಳುವ ದಾರಿ ಇದ್ದರೆ ದಯವಿಟ್ಟು ಹೇಳಿ. ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಗೇರ್ ಆಯಿಲ್ ಬದಲಿಸಿದ ಬಿಲ್ ಹಳೆಯ ಪೇಪರುಗಳಲ್ಲಿ ಎಲ್ಲೂ ಇಲ್ಲ.

ಸಿರುಗುಪ್ಪ ಲೋಡ್

ಅಣ್ಣ, ಸುಮ್ನೆ ದುಡ್ಡು ಹಾಕಬೇಡಿ. ಹಳೇ ಗೇರ್ ಆಯಿಲ್ ತೆಗೆದು 140 ನಂಬರಿನ ದಪ್ಪ ಆಯಿಲ್ ಹಾಕಿಸಿ. ನಮ್ಮ ಟ್ರ್ಯಾಕ್ಟರಿಗೆ ಅದನ್ನೇ ಹಾಕುತ್ತೇವೆ, ಸದ್ದೆಲ್ಲ ನಿಲ್ಲುತ್ತದೆ.

ಕೌಲ್‌ಬಜಾರ್ ಮೇಸ್ತ್ರಿ

ಡ್ಯೂಟಿ ಅಣ್ಣ, ಮೊದಲು ಒಂದು ಮಾತು. ಇವತ್ತೇ ಯಾರಿಗೂ ಗಾಡಿ ಬಿಚ್ಚಲು ಕೊಡಬೇಡಿ. ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ತಣ್ಣಗಿರುವಾಗ ಸರಿ, ಬಿಸಿಯಾದ ಮೇಲೆ ಕಷ್ಟ. ಎಂಜಿನ್ ಆಫ್ ಮಾಡಿದರೆ ಗೇರ್ ಬೀಳುತ್ತದೆ, ಓಡುತ್ತಿದ್ದರೆ ಬೀಳುವುದಿಲ್ಲ. ಎಲ್ಲಕ್ಕಿಂತ ಮೊದಲು ಕಾಡಿದ್ದು ರಿವರ್ಸ್. ಈ ಮೂರೂ ಒಟ್ಟಿಗೆ ಬಂದರೆ ನಾನು ಗೇರ್ ಬಾಕ್ಸ್ ಮುಟ್ಟುವ ಮೊದಲು ಕ್ಲಚ್ ಪೆಡಲ್ ಹತ್ತಿರ ಕೂರುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ಕ್ಲಚ್ ತುಳಿದಾಗ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಸಂಬಂಧ ಪೂರ್ತಿ ಕಡಿಯಬೇಕು. ಎಂಜಿನ್ನಿನ ತಿರುಗನ್ನು ಬಾಕ್ಸಿನೊಳಗೆ ತರುವ ಇನ್‌ಪುಟ್ ಶಾಫ್ಟ್ ತಿರುಗುವುದು ಎರಡು ಮೂರು ಸೆಕೆಂಡಿನಲ್ಲಿ ನಿಲ್ಲಬೇಕು. ಸಂಬಂಧ ಪೂರ್ತಿ ಕಡಿಯದಿದ್ದರೆ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಮುಂದಿನ ಗೇರುಗಳಿಗೆ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುತ್ತದೆ. ಹೊರಟ ಬಸ್ಸು ಹತ್ತುವವನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಆಮೇಲೆ ಕಾಲಿಡುತ್ತಾನಲ್ಲ, ಹಾಗೆ ಆ ರಿಂಗ್ ಮೊದಲು ಗೇರಿಗೆ ಉಜ್ಜಿ ಎರಡರ ವೇಗ ಒಂದು ಮಾಡುತ್ತದೆ. ಆಮೇಲೆ ಸ್ಲೀವ್, ಅಂದರೆ ಗೇರನ್ನು ಶಾಫ್ಟಿಗೆ ಕಟ್ಟುವ ಜಾರುವ ಬಳೆ, ಹೋಗಿ ಹಲ್ಲು ಹಿಡಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ರಿವರ್ಸಿಗೆ ಈ ರಿಂಗ್ ಇರುವುದಿಲ್ಲ. ಅದಕ್ಕೇ ಕ್ಲಚ್ ಸರಿಯಾಗಿ ಬಿಡದಿದ್ದರೆ ಮೊದಲು ಕಿರುಚುವುದು ರಿವರ್ಸೇ.

ಪರೀಕ್ಷೆ ನೀವೇ ಮಾಡಿ. ಗಾಡಿ ಬಿಸಿಯಾಗಿ ಕಾಟ ಶುರುವಾದ ಹೊತ್ತಿಗೇ ಮಾಡಬೇಕು, ಬೆಳಗ್ಗೆ ಮಾಡಿದರೆ ಏನೂ ಗೊತ್ತಾಗಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದೆ ಹಿಂದೆ ಯಾರೂ ಇರಬಾರದು. ಎಂಜಿನ್ ಆಫ್ ಇರುವಾಗ ಐದೂ ಗೇರು ಮತ್ತು ರಿವರ್ಸ್ ಹಾಕಿ ನೋಡಿ. ಸಲೀಸಾಗಿ ಬಿದ್ದರೆ ಗೇರ್ ಲಿವರ್, ಅದರ ಕೇಬಲ್, ಸ್ಲೀವನ್ನು ತಳ್ಳುವ ಫೋರ್ಕ್ ಎಲ್ಲ ಹೆಚ್ಚೂಕಡಿಮೆ ಸರಿ ಇವೆ ಅಂತ. ಈಗ ಸ್ಟಾರ್ಟ್ ಮಾಡಿ. ಕ್ಲಚ್ ಪೂರ್ತಿ ತುಳಿದು ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಐದು ಎಣಿಸಿದ ಮೇಲೂ ಕರ್ ಅಂದರೆ ಶಾಫ್ಟ್ ಇನ್ನೂ ತಿರುಗುತ್ತಿದೆ, ಕ್ಲಚ್ ಬಿಡುತ್ತಿಲ್ಲ. ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ತುಳಿದು, ಹ್ಯಾಂಡ್ ಬ್ರೇಕ್ ಬಿಟ್ಟು, ಸ್ವಲ್ಪ ರೇಸ್ ಕೊಟ್ಟಾಗ ಗಾಡಿ ಮುಂದಕ್ಕೆ ಜರುಗಿದರೂ ಅದೇ ಅರ್ಥ.

ಇನ್ನೊಂದು ಮುಖ್ಯ. ಗೇರ್ ಬೀಳದಾಗ ಕ್ಲಚ್ ಪೆಡಲನ್ನು ಮೂರು ನಾಲ್ಕು ಸಲ ಜೋರಾಗಿ ಪಂಪ್ ಮಾಡಿ, ತುಳಿದೇ ಇಟ್ಟುಕೊಂಡು ಗೇರ್ ಹಾಕಿ. ಆಗ ಬಿದ್ದರೆ ನಿಮ್ಮದು ಹೈಡ್ರಾಲಿಕ್ ಕ್ಲಚ್, ಅಂದರೆ ಪೆಡಲ್ ಒತ್ತಡ ಆಯಿಲ್ ಮೂಲಕ ಹೋಗುವಂಥದ್ದು, ಅದರಲ್ಲಿ ಗಾಳಿ ಸೇರಿದೆ ಅಥವಾ ಎಲ್ಲೋ ಲೀಕ್ ಇದೆ ಅಂತಲೇ ತಿಳಿಯಿರಿ. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಬಹಳ ಗಾಡಿಗಳಲ್ಲಿ ಕ್ಲಚ್ಚಿಗೂ ಅದೇ ಡಬ್ಬಿಯಿಂದ ಒಂದು ಪೈಪು ಹೋಗಿರುತ್ತದೆ. ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರಿನ ಅಂಶ ಹೀರಿಕೊಂಡು ಹಳೆಯದಾಗಿದೆ. ಪೆಡಲ್ ಮೇಲೆ, ಕಾಲಿನ ಹತ್ತಿರ ಆಯಿಲ್ ಜಿನುಗಿದೆಯಾ ಅಂತ ಕೈ ಹಾಕಿ ಸವರಿ ನೋಡಿ. ಗೇರ್ ಬಾಕ್ಸ್ ಪಕ್ಕದಲ್ಲಿ ಆಯಿಲ್ ಒತ್ತಡದಿಂದ ಕ್ಲಚ್ ತಳ್ಳುವ ಸ್ಲೇವ್ ಸಿಲಿಂಡರ್ ಇರುತ್ತದೆ, ಅದರ ರಬ್ಬರ್ ಟೋಪಿಯನ್ನು ಸ್ವಲ್ಪ ಎತ್ತಿ ನೋಡಿ. ಒಳಗೆ ತೇವ ಇದ್ದರೆ ಕಳ್ಳ ಸಿಕ್ಕ. ಕೆಲವು ಗಾಡಿಯಲ್ಲಿ ಆ ಸಿಲಿಂಡರ್ ಗೇರ್ ಬಾಕ್ಸಿನಲ್ಲಿ ಕ್ಲಚ್ ಮುಚ್ಚುವ ಗಂಟೆ ಆಕಾರದ ಭಾಗದ ಒಳಗೇ ಇರುತ್ತದೆ, ಅದಾದರೆ ಬಾಕ್ಸ್ ಇಳಿಸದೆ ಬೇರೆ ದಾರಿ ಇಲ್ಲ. ಕೇಬಲ್ ಕ್ಲಚ್ ಆಗಿದ್ದರೆ ಕೇಬಲ್ ಎಳೆದುಕೊಂಡಿದೆಯಾ, ಅಡ್ಜಸ್ಟ್‌ಮೆಂಟ್ ಉಳಿದಿದೆಯಾ ನೋಡಬೇಕು.

ಇದೆಲ್ಲಕ್ಕಿಂತ ಮೊದಲು ಕಾಲಡಿಯ ಮ್ಯಾಟ್ ಎತ್ತಿ ಹಾಕಿ. ನಮ್ಮಲ್ಲಿ ಕೆಂಪು ಧೂಳಿಗೆ ಹೆದರಿ ಮ್ಯಾಟ್ ಮೇಲೆ ಮ್ಯಾಟ್ ಹಾಕುತ್ತಾರೆ. ಪೆಡಲ್ ಕೊನೆಯವರೆಗೆ ಹೋಗುವುದೇ ಇಲ್ಲ. ಮ್ಯಾಟ್ ತೆಗೆದ ತಕ್ಷಣ ಸರಿಯಾದ ಗಾಡಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪ್ಲೇಟ್ ಹೋಗಿದೆ ಅಂದವರ ಮಾತಿಗೆ ಬರೋಣ. ಪ್ಲೇಟ್ ಸವೆದರೆ ಸಾಮಾನ್ಯವಾಗಿ ಕ್ಲಚ್ ಜಾರುತ್ತದೆ. ರೇಸ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ, ಸಂಡೂರು ಏರು ಹತ್ತುವಾಗ ಸುಟ್ಟ ವಾಸನೆ ಬರುತ್ತದೆ. ನೀವು ಅದನ್ನು ಹೇಳಿಲ್ಲ. ಹಾಗಂತ ಪ್ಲೇಟು ಪೂರ್ತಿ ಸರಿ ಅಂತಲೂ ಅಲ್ಲ. ಪ್ಲೇಟ್ ಬಾಗಿದ್ದರೂ, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೆರಳಿನಂಥ ಸ್ಪ್ರಿಂಗ್ ಮುರಿದಿದ್ದರೂ ಕ್ಲಚ್ ಬಿಡುವುದಿಲ್ಲ. ಆದರೆ ಅದು ಎರಡನೇ ಅನುಮಾನ. ಮೊದಲು ಹೊರಗಡೆಯದು ನೋಡಿ ಮುಗಿಸಿ.

ಸದ್ದು ಕೇಳುವುದನ್ನೂ ಕಲಿಯಿರಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಪೆಡಲ್ ಮೇಲಿಂದ ಕಾಲು ತೆಗೆದಾಗ ಗುರ್ ಅಂದು, ತುಳಿದ ಕೂಡಲೇ ನಿಂತರೆ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ತುಳಿದಾಗಲೇ ಕಿರುಗುಟ್ಟಿದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಒಂದೇ ಒಂದು ಗೇರ್ ಮಾತ್ರ ಕರಕರ ಅಂದು ಉಳಿದವು ಬೆಣ್ಣೆಯಾಗಿದ್ದರೆ ಆ ಗೇರಿನ ಸಿಂಕ್ರೊ ಸವೆದಿದೆ. ಹೋಗುತ್ತಾ ಹೋಗುತ್ತಾ ಗೇರ್ ತಾನೇ ನ್ಯೂಟ್ರಲ್ಲಿಗೆ ಹಾರಿದರೆ ಫೋರ್ಕ್, ಸ್ಲೀವ್, ಒಳಗಿನ ಸ್ಪ್ರಿಂಗ್, ಇಲ್ಲಾ ಎಂಜಿನ್ ಮೌಂಟಿಂಗ್. ಬಾಕ್ಸ್ ಬಿಚ್ಚುವ ಮಾತು ಇವು ಬಂದಾಗ ಬರಬೇಕು.

ಲೋಡ್ ಅಣ್ಣ ಹೇಳಿದ 140 ಆಯಿಲ್ ದಯವಿಟ್ಟು ಹಾಕಬೇಡಿ. ಟ್ರ್ಯಾಕ್ಟರಿಗೆ ಅದು ಸರಿ ಇರಬಹುದು, ನಿಮ್ಮ ಕಾರಿಗಲ್ಲ. ದಪ್ಪ ಆಯಿಲ್ ಸದ್ದನ್ನು ಮುಚ್ಚುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ಸಿಂಕ್ರೊ ರಿಂಗ್ ಉಜ್ಜಬೇಕಾದರೆ ನಡುವಿನ ಆಯಿಲ್ ಸರಿಯಬೇಕು, ದಪ್ಪದ್ದು ಬೇಗ ಸರಿಯಲ್ಲ. ಚಳಿಗಾಲದ ಬೆಳಗ್ಗೆ ಗೇರ್ ಹಾಕಲು ಕೈ ನೋಯುತ್ತದೆ. ಗಾಡಿಯ ಪುಸ್ತಕದಲ್ಲಿ ಯಾವ ನಂಬರ್ ಬರೆದಿದೆಯೋ ಅದನ್ನೇ ಹಾಕಿ. ಡಬ್ಬಿಯ ಮೇಲೆ ಆಯಿಲ್ ಎಷ್ಟು ದಪ್ಪ ಅನ್ನುವ 75ಡಬ್ಲ್ಯೂ-90 ಥರದ ನಂಬರ್ ಒಂದು, ಒಳಗಿನ ಮದ್ದಿನ ದರ್ಜೆ ಹೇಳುವ ಜಿಎಲ್-4 ಅಥವಾ ಜಿಎಲ್-5 ಅಂತ ಇನ್ನೊಂದು ಇರುತ್ತದೆ. ಎರಡನ್ನೂ ನೋಡಬೇಕು. ಜಿಎಲ್-5ರಲ್ಲಿ ಗಂಧಕ, ರಂಜಕದ ಮದ್ದು ಜಾಸ್ತಿ, ಅದು ಹಿಂದಿನ ಚಕ್ರಗಳ ಆಕ್ಸೆಲ್ಲಿನೊಳಗಿನ ಕ್ರೌನ್ ಗೇರಿನ ಒತ್ತಡಕ್ಕೆ ಮಾಡಿದ್ದು. ಜಿಎಲ್-4 ಕೇಳುವ ಬಾಕ್ಸಿಗೆ ಅದನ್ನು ಹಾಕಿದರೆ ಹಿತ್ತಾಳೆ ರಿಂಗಿಗೆ ಒಳ್ಳೆಯದಲ್ಲ. ಐದು ದೊಡ್ಡದು, ನಾಲ್ಕು ಚಿಕ್ಕದು ಅಂತ ಅಂಗಡಿಯವರು ಕೊಟ್ಟರೂ ತಗೋಬೇಡಿ.

ನೋಡಿ ಬರೆಯಿರಿ. ಫೋಟೋ ಇದ್ದರೆ ಹಾಕಿ.

ಎರೆಹೊಲ, ಸಿಂಧನೂರು

ಮೇಸ್ತ್ರಿ, ನನ್ನದೂ ಒಂದು ಕೇಳುತ್ತೇನೆ, ಡ್ಯೂಟಿ ಅಣ್ಣ ಬೇಜಾರು ಮಾಡ್ಕೋಬೇಡಿ. ಮುಂಗಾರಿನಲ್ಲಿ ಹೊಲದ ದಾರಿಯಲ್ಲಿ ಕಾರು ಎರೆ ಮಣ್ಣಿನಲ್ಲಿ ಹೂತಿತ್ತು. ಹಿಂದೆ ಮುಂದೆ ಮಾಡಿ ತೆಗೆಯುವಷ್ಟರಲ್ಲಿ ಕ್ಲಚ್ ಸುಟ್ಟಿತು. ಹೊಸ ಸೆಟ್ ಹಾಕಿಸಿದೆ. ಈಗ ಕ್ಲಚ್ ಚೆನ್ನಾಗಿದೆ, ಆದರೆ ಎಡಗಡೆ ಮುಂದಿನ ಚಕ್ರದ ಒಳಗೆ ಎಣ್ಣೆ ಜಿನುಗಿ ಕೆಳಗೆ ಹನಿ ಬೀಳುತ್ತಿದೆ. ಕೆಲಸ ಮಾಡಿದವರು ಏನೂ ಆಗಲ್ಲ ಓಡಿಸಿ ಅಂತಾರೆ. ಐದನೇ ಗೇರಿನಲ್ಲಿ ಊಂ ಅಂತ ಸಣ್ಣ ಸದ್ದು ಶುರುವಾಗಿದೆ.

ಕೌಲ್‌ಬಜಾರ್ ಮೇಸ್ತ್ರಿ

ಎರೆಹೊಲ ಅಣ್ಣ, ನಿಮ್ಮದು ಡ್ಯೂಟಿ ಅಣ್ಣನದಕ್ಕಿಂತ ಅರ್ಜೆಂಟು. ಊಂ ಅನ್ನುವ ಸದ್ದು ಬಂದ ಮೇಲೆ ಆ ಗಾಡಿ ಓಡಿಸಬೇಡಿ.

ಕ್ಲಚ್ ಹಾಕಲು ಎರಡೂ ಕಡೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಎಳೆಯುತ್ತಾರೆ. ಶಾಫ್ಟ್ ಬಾಕ್ಸಿನೊಳಗೆ ಹೋಗುವ ಜಾಗದಲ್ಲಿ ಆಯಿಲ್ ಸೀಲ್ ಇರುತ್ತದೆ. ವಾಪಸ್ ತೂರಿಸುವಾಗ ಶಾಫ್ಟಿನ ಗೀರು ಹಲ್ಲು ಸೀಲಿನ ತುಟಿಗೆ ತಾಗಿದರೆ ಮುಗಿಯಿತು, ಅಲ್ಲಿಂದ ಜಿನುಗುತ್ತದೆ. ಇನ್ನೊಂದು, ಬಾಕ್ಸ್ ಇಳಿಸುವ ಮೊದಲು ಬಸಿದ ಆಯಿಲನ್ನು ಪೂರ್ತಿ ತುಂಬಿದ್ದಾರಾ ಅನ್ನುವುದೂ ಗೊತ್ತಿಲ್ಲ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಗೇರುಗಳಿಗೂ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಶಿಯಲ್ಲಿಗೂ ಒಂದೇ ಆಯಿಲ್, ಅದೂ ಒಟ್ಟು ಎರಡು ಲೀಟರ್ ಆಸುಪಾಸು ಅಷ್ಟೇ. ಐದನೇ ಗೇರ್ ಬಹಳ ಬಾಕ್ಸುಗಳಲ್ಲಿ ಒಂದು ತುದಿಯಲ್ಲಿ, ಬೇರೆ ಮುಚ್ಚಳದ ಕೆಳಗೆ ಕೂತಿರುತ್ತದೆ. ಆಯಿಲ್ ಕಮ್ಮಿಯಾದರೆ ಮೊದಲು ಒಣಗುವುದು ಆ ತುದಿ.

ಗಾಡಿಯನ್ನು ನಾಲ್ಕೂ ಕಡೆ ಸಮವಾಗಿ ಎತ್ತಿಸಿ. ಮುಂದೆ ಮಾತ್ರ ಜಾಕ್ ಕೊಟ್ಟರೆ ಲೆವೆಲ್ ಸುಳ್ಳು ಹೇಳುತ್ತದೆ. ಪಕ್ಕದ ಲೆವೆಲ್ ನಟ್ ಬಿಚ್ಚಿ ಬೆರಳು ಹಾಕಿ. ತೂತಿನ ಅಂಚಿಗೆ ಆಯಿಲ್ ತಾಗಬೇಕು. ತಾಗಲಿಲ್ಲವಾದರೆ ಕಮ್ಮಿ ಇದೆ. ಸೀಲ್ ಹೊಸದು ಹಾಕಿಸಿ, ಸೀಲಿನ ರೇಟು ದೊಡ್ಡದಲ್ಲ, ಕೂಲಿಯೇ ಜಾಸ್ತಿ. ಹಾಗೇ ಬಾಕ್ಸಿನ ಮೇಲಿರುವ ಬ್ರೀದರ್ ಟೋಪಿ ನೋಡಲು ಹೇಳಿ. ನಿಮ್ಮ ಎರೆ ಮಣ್ಣು ಅದರಲ್ಲಿ ಒಣಗಿ ಕೂತಿದ್ದರೆ ಒಳಗಿನ ಬಿಸಿ ಗಾಳಿಗೆ ದಾರಿ ಇರಲ್ಲ, ಹೊಸ ಸೀಲನ್ನೂ ತಳ್ಳಿಕೊಂಡು ಆಯಿಲ್ ಹೊರಗೆ ಬರುತ್ತದೆ. ನಮ್ಮ ಕಡೆ ಅದಿರು ಧೂಳಿನಿಂದಲೂ ಇದೇ ಆಗುತ್ತದೆ. ಹೂತಾಗ ನೀರು ಒಳಗೆ ಹೋಗಿತ್ತಾ ಅಂತಲೂ ನೋಡಿ. ಬಸಿದ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಬಸಿದು ಹೊಸದು ಹಾಕಿ, ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಬೇಕು.

ತೋರಣಗಲ್ಲು ಡ್ಯೂಟಿ, ಬಳ್ಳಾರಿ

ಮೇಸ್ತ್ರಿ, ನೀವು ಹೇಳಿದ ಹಾಗೇ ಮಾಡಿದೆ. ಮಧ್ಯಾಹ್ನ ಡ್ಯೂಟಿ ಬಿಟ್ಟು ಬಂದು, ಬಿಸಿ ಇರುವಾಗಲೇ ನೋಡಿದೆ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಬೆರಳಲ್ಲಿ ಬೀಳುತ್ತವೆ. ಸ್ಟಾರ್ಟ್ ಮಾಡಿ ಐದು ಎಣಿಸಿ ಹಾಕಿದರೂ ರಿವರ್ಸ್ ಕರ್ ಅಂತು. ಆಮೇಲೆ ಪೆಡಲ್ ಪಂಪ್ ಮಾಡಿ ಹಾಕಿದೆ ನೋಡಿ, ಸದ್ದೇ ಇಲ್ಲದೆ ಬಿತ್ತು! ಮೂರು ನಾಲ್ಕು ಸಲ ಮಾಡಿದೆ, ಪ್ರತಿ ಸಲವೂ ಹಾಗೇ.

ಬ್ರೇಕ್ ಆಯಿಲ್ ಕಪ್ಪಗಿದೆ, ಮಿನಿಮಮ್ ಗೆರೆಗಿಂತ ಕೆಳಗಿದೆ. ಸ್ಲೇವ್ ಸಿಲಿಂಡರ್ ಹೊರಗಡೆಯೇ ಇದೆ. ರಬ್ಬರ್ ಟೋಪಿ ಎತ್ತಿದರೆ ಬೆರಳಿಗೆ ಜಿಡ್ಡಿನ ಹಾಗೆ ಒದ್ದೆ ಅಂಟಿತು, ಒಳಗೆ ಕೆಂಪು ಧೂಳು ಕೆಸರಾಗಿ ಕೂತಿದೆ. ಫೋಟೋ ಹಾಕಿದ್ದೇನೆ. ಇಷ್ಟಕ್ಕೆ 35 ಸಾವಿರ ಕೇಳಿದ್ದರಲ್ಲ ಅಂತ ರಾತ್ರಿ ನಿದ್ದೆ ಬರಲಿಲ್ಲ. ಮುಂದೇನು ಮಾಡಿಸಲಿ?

ಕೌಲ್‌ಬಜಾರ್ ಮೇಸ್ತ್ರಿ

ಫೋಟೋ ನೋಡಿದೆ. ಸ್ಲೇವ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ಬಿಸಿಯಾದಾಗ ಲೀಕ್ ಜಾಸ್ತಿ, ಪೆಡಲ್ ತುಳಿದಷ್ಟು ಒತ್ತಡ ಆಚೆ ತುದಿಗೆ ಮುಟ್ಟುವುದಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ. ಬರೀ ರಬ್ಬರ್ ಕಿಟ್ ಹಾಕುತ್ತೇನೆ ಅಂದರೆ ಬೇಡ ಅನ್ನಿ. ಸಿಲಿಂಡರ್ ಒಳಗೆ ಗೀರು ಬಿದ್ದಿದ್ದರೆ ಹೊಸ ರಬ್ಬರೂ ತಿಂಗಳಲ್ಲಿ ಹೋಗುತ್ತದೆ. ಸಿಲಿಂಡರನ್ನೇ ಹೊಸದು ಹಾಕಿಸಿ. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಒಣಗಿದ್ದರೆ ಅದನ್ನು ಸದ್ಯಕ್ಕೆ ಮುಟ್ಟಬೇಡಿ.

ಹಳೇ ಆಯಿಲ್ ಪೂರ್ತಿ ತೆಗೆಸಿ, ಮುಚ್ಚಳದ ಮೇಲೆ ಏನು ಬರೆದಿದೆಯೋ, ಡಾಟ್ 3 ಅಥವಾ ಡಾಟ್ 4, ಅದನ್ನೇ ಸೀಲ್ ಒಡೆಯದ ಡಬ್ಬಿಯಿಂದ ಹಾಕಿಸಿ. ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಅದರಲ್ಲಿ ಬೀಳಬಾರದು, ರಬ್ಬರೆಲ್ಲ ಊದಿಕೊಳ್ಳುತ್ತವೆ, ಬ್ರೇಕಿಗೂ ಅದೇ ಆಯಿಲ್ ಅನ್ನುವುದು ಮರೆಯಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ಎದ್ದು ಬರುತ್ತದೆ. ಕೊನೆಗೆ ಏರ್ ತೆಗೆಯುವಾಗ ಒಬ್ಬರು ಪೆಡಲ್ ಹತ್ತಿರ, ಒಬ್ಬರು ಕೆಳಗೆ ಗಾಳಿ ಬಿಡುವ ನಿಪ್ಪಲ್ ಹತ್ತಿರ ಇರಬೇಕು. ಗುಳ್ಳೆ ಬರುವುದು ನಿಂತ ಮೇಲೂ ಸ್ವಲ್ಪ ಬಿಡಿಸಿ. ಇದು ಗಾಡಿ ಪಕ್ಕದಲ್ಲಿ ನೀವೇ ನಿಂತು ಮಾಡಿಸಬಹುದಾದ ಕೆಲಸ, ಬಾಕ್ಸ್ ಅಲುಗಾಡಿಸುವುದೇ ಬೇಡ.

ಅದೇ ದಿನ ಗೇರ್ ಆಯಿಲ್ ಕೂಡ ಬದಲಿಸಿಬಿಡಿ, ಬಿಲ್ ಇಲ್ಲ ಅಂದಿದ್ದೀರಲ್ಲ. ಗಾಡಿ ಓಡಿ ಬಿಸಿ ಇರುವಾಗ ಬಸಿಯಬೇಕು. ಮೊದಲು ಮೇಲಿನ ತುಂಬುವ ನಟ್ ಬಿಚ್ಚಿಸಿ, ಆಮೇಲೆ ಕೆಳಗಿನ ಡ್ರೈನ್ ನಟ್. ಇದನ್ನು ಒತ್ತಿ ಹೇಳುತ್ತೇನೆ. ವರ್ಷಗಟ್ಟಲೆ ಬಿಚ್ಚದ ಮೇಲಿನ ನಟ್ ತುಕ್ಕು ಹಿಡಿದು ಕೂತಿರುತ್ತದೆ. ಕೆಳಗಿನದು ಬಿಚ್ಚಿ ಎಲ್ಲ ಬಸಿದ ಮೇಲೆ ಮೇಲಿನದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ನಿಂತುಹೋಗುತ್ತದೆ. ಡ್ರೈನ್ ನಟ್ಟಿಗೆ ಅಯಸ್ಕಾಂತ ಇದ್ದರೆ ಅದನ್ನು ಒರೆಸುವ ಮೊದಲು ನಿಮ್ಮ ಕೈಗೆ ಕೊಡಲು ಹೇಳಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಸಹಜ ಸವೆತ. ಉಗುರಿನಷ್ಟು ಚೂರು, ಹಲ್ಲಿನ ತುಂಡು ಸಿಕ್ಕರೆ ಒಳಗೆ ಏನೋ ಮುರಿದಿದೆ. ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ, ಬಂಗಾರದ ಪುಡಿಯ ಹಾಗೆ ಮಿನುಗಿದರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ.

ಗಂಗಾವತಿ ಅಕ್ಕಿ

ನಡುವೆ ಬರುತ್ತಿದ್ದೇನೆ ಮೇಸ್ತ್ರಿ. ನಮ್ಮದು ಎಎಂಟಿ, ಅಂದರೆ ಗೇರ್ ತಾನೇ ಬದಲಾಗುವ ಗಾಡಿ. ಕ್ಲಚ್ ಪೆಡಲೇ ಇಲ್ಲವಲ್ಲ, ನಮಗೆ ಇದ್ಯಾವ ತಲೆನೋವೂ ಇಲ್ಲ ಅಂತ ಅಂದುಕೊಳ್ಳಬಹುದಾ?

ಕೌಲ್‌ಬಜಾರ್ ಮೇಸ್ತ್ರಿ

ಇಲ್ಲ ಅಕ್ಕ ಅಥವಾ ಅಣ್ಣ, ಎಎಂಟಿಯಲ್ಲೂ ಒಳಗಿರುವುದು ಇದೇ ಮ್ಯಾನುಯಲ್ ಬಾಕ್ಸು, ಇದೇ ಕ್ಲಚ್ ಪ್ಲೇಟು. ಕಾಲಿನ ಬದಲು ಆಕ್ಚುವೇಟರ್ ಅನ್ನುವ ಯಂತ್ರ ತುಳಿಯುತ್ತದೆ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿದರೆ ಪ್ಲೇಟ್ ಅಷ್ಟೇ ಬೇಗ ಸುಡುತ್ತದೆ. ಅಂಜನಾದ್ರಿ ಹತ್ತಿರ ಶನಿವಾರದ ಗದ್ದಲದಲ್ಲಿ ಇಂಚಿಂಚು ಜರುಗಿಸುವಾಗ ನೆನಪಿಡಿ, ಮುಂದೆ ಸ್ವಲ್ಪ ಜಾಗ ಆಗುವವರೆಗೆ ಬ್ರೇಕ್ ಮೇಲೆ ಕಾಲಿಟ್ಟು ಕಾಯಿರಿ. ಕ್ಲಚ್ ಬದಲಿಸಿದರೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ಚನ್ನು ಗಾಡಿಗೆ ಕಲಿಸಬೇಕು. ಸ್ಕ್ಯಾನರ್ ಇಲ್ಲದ ಕಡೆ ಮಾಡಿಸಬೇಡಿ.

ತೋರಣಗಲ್ಲು ಡ್ಯೂಟಿ, ಬಳ್ಳಾರಿ

ಕೆಲಸ ಆಯಿತು ಮೇಸ್ತ್ರಿ. ಭಾನುವಾರ ಬೆಳಗ್ಗೆ ಬಿಟ್ಟೆ, ಮಧ್ಯಾಹ್ನಕ್ಕೆ ಗಾಡಿ ಕೈಗೆ ಬಂತು. ಹೊಸ ಸ್ಲೇವ್ ಸಿಲಿಂಡರ್, ಬ್ರೇಕ್ ಆಯಿಲ್, ಗೇರ್ ಆಯಿಲ್, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ ಮುಗಿಯಿತು. ಮೇಲಿನ ನಟ್ ನಿಜಕ್ಕೂ ಕೂತುಬಿಟ್ಟಿತ್ತು, ತುಕ್ಕಿನ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟ ಮೇಲೆ ಬಂತು. ನೀವು ಹೇಳದಿದ್ದರೆ ಮೊದಲು ಕೆಳಗಿನದನ್ನೇ ಬಿಚ್ಚುತ್ತಿದ್ದರು. ಆಯಿಲ್ ಟಾರ್ ಥರ ಕಪ್ಪಗಿತ್ತು. ಅಯಸ್ಕಾಂತದ ಮೇಲೆ ಬೂದು ಪೇಸ್ಟ್, ಚೂರು ಇರಲಿಲ್ಲ. ಬಿಸಿಲಿಗೆ ಹಿಡಿದಾಗ ಸ್ವಲ್ಪ ಮಿನುಗಿತು.

ಇವತ್ತು ಮಧ್ಯಾಹ್ನ ಅದೇ ಬಿಸಿಲು, ಅದೇ ಲಾರಿ ಸಾಲು. ರಿವರ್ಸ್ ಸದ್ದಿಲ್ಲದೆ ಬಿತ್ತು, ಫಸ್ಟ್ ಕೂಡ. ಮೂರರಿಂದ ಎರಡಕ್ಕೆ ಬೇಗ ಇಳಿಸಿದರೆ ಮಾತ್ರ ಇನ್ನೂ ಚೂರು ಕರ್ ಅನ್ನುತ್ತದೆ. ಇದಕ್ಕೆ ಬಾಕ್ಸ್ ಇಳಿಸಬೇಕಾ?

ಕೌಲ್‌ಬಜಾರ್ ಮೇಸ್ತ್ರಿ

ತುಂಬಾ ಖುಷಿ ಆಯಿತು ಅಣ್ಣ. ಉಳಿದದ್ದು ಎರಡನೇ ಗೇರಿನ ಸಿಂಕ್ರೊ. ಆ ಮಿನುಗು ಅದರದೇ. ಲಾರಿ ಹಿಂದೆ ಓಡುವ ಗಾಡಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ದುಡಿಯುವುದು ಎರಡನೇ ಗೇರೇ, ಅದಕ್ಕೆ ಮೊದಲು ಸವೆಯುತ್ತದೆ. ಈಗಲೇ ಇಳಿಸಬೇಡಿ. ಎರಡಕ್ಕೆ ಹಾಕುವ ಮೊದಲು ಬ್ರೇಕ್ ಹಿಡಿದು ಗಾಡಿಯ ವೇಗ ಇನ್ನೂ ಸ್ವಲ್ಪ ಇಳಿಸಿ, ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆದು ಆಮೇಲೆ ಹಾಕಿ, ಹೊಡೆದ ಹಾಗೆ ತಳ್ಳಬೇಡಿ. ಗೇರ್ ಲಿವರ್ ಮೇಲೆ ಸುಮ್ನೆ ಕೈ ಇಟ್ಟುಕೊಂಡು ಓಡಿಸುವ ಅಭ್ಯಾಸ ಇದ್ದರೆ ಬಿಡಿ, ಆ ಭಾರ ಫೋರ್ಕ್ ಮೇಲೆ ಬೀಳುತ್ತದೆ. ಕ್ಲಚ್ ಪೆಡಲ್ ಮೇಲೆ ಕಾಲಿಗೂ ಅದೇ ಮಾತು.

ಮುಂದೆ ಕ್ಲಚ್ ಪ್ಲೇಟ್ ಸವೆದು ಹೇಗಿದ್ದರೂ ಬಾಕ್ಸ್ ಇಳಿಯುತ್ತದೆ. ಎರಡನೇ ಗೇರಿನ ಸಿಂಕ್ರೊ ರಿಂಗ್ ಮತ್ತು ಸ್ಲೀವ್ ಆಗ ಹಾಕಿಸಿ. ರಿಲೀಸ್ ಬೇರಿಂಗ್, ಎರಡು ಡ್ರೈವ್ ಶಾಫ್ಟ್ ಸೀಲ್, ಇನ್‌ಪುಟ್ ಶಾಫ್ಟ್ ಸೀಲ್ ಹಳೆಯವನ್ನು ವಾಪಸ್ ಹಾಕಲು ಬಿಡಬೇಡಿ. ಕೂಲಿ ಒಂದೇ ಸಲ ಬೀಳುತ್ತದೆ. ಅಷ್ಟರವರೆಗೆ ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಕಣ್ಣಿಡಿ. ಗೆರೆ ಮತ್ತೆ ಇಳಿದರೆ ಈ ಸಲ ಮಾಸ್ಟರ್ ಸಿಲಿಂಡರ್ ನೋಡಬೇಕು.

ಎರೆಹೊಲ, ಸಿಂಧನೂರು

ಮೇಸ್ತ್ರಿ, ಲೆವೆಲ್ ನಟ್ ಬಿಚ್ಚಿ ನೋಡಿಸಿದೆ. ಬೆರಳು ಪೂರ್ತಿ ಒಳಗೆ ಹೋದರೂ ಆಯಿಲ್ ತಾಗಲಿಲ್ಲ. ಮುಕ್ಕಾಲು ಲೀಟರ್ ಹಿಡಿಯಿತು. ನಾಳೆ ಸೀಲ್ ಹಾಕುತ್ತಾರೆ. ಬ್ರೀದರ್ ಟೋಪಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು, ಪಿನ್ನು ಹಾಕಿ ತೆಗೆದೆವು. ಊಂ ಅನ್ನುವ ಸದ್ದು ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ.

ಕೌಲ್‌ಬಜಾರ್ ಮೇಸ್ತ್ರಿ

ಸೀಲ್ ಹಾಕಿದ ಮೇಲೆ ಸ್ವಲ್ಪ ದಿನ ಓಡಿಸಿ ನೋಡಿ. ಸದ್ದು ಅಷ್ಟಕ್ಕೇ ನಿಂತರೆ ಹಾಗೇ ಓಡಿಸಬಹುದು. ಜಾಸ್ತಿಯಾದರೆ ಐದನೇ ಗೇರಿನ ಪಕ್ಕದ ಮುಚ್ಚಳ ಮಾತ್ರ ತೆಗೆಸಿ. ಬಹಳ ಗಾಡಿಗಳಲ್ಲಿ ಪೂರ್ತಿ ಬಾಕ್ಸ್ ಇಳಿಸದೆಯೇ ಆ ಜೋಡಿ ಗೇರ್ ಕಣ್ಣಿಗೆ ಸಿಗುತ್ತದೆ. ಹಲ್ಲಿನ ಮೇಲೆ ನೀಲಿ ಬಣ್ಣ ಅಥವಾ ಗುಂಡಿ ಬಿದ್ದಿದ್ದರೆ ಫೋಟೋ ಹಾಕಿ, ನೋಡಿ ಹೇಳುತ್ತೇನೆ.